ಸುಣ್ಣದ ಪಟ್ಟೆ ಇಲ್ಲದ ಮರಗಳು

ತೆಂಗಿನ ಬೇರು ಕುಡಿದದ್ದು ಎಳನೀರಿಗೆ ಬರುತ್ತದೆ. ಇದು ನಿಮಗೆ ಗೊತ್ತಿರಬೇಕಿತ್ತು. ಕಾಯಿಯ ತೊಟ್ಟಿನಡಿ ಕೂತು ರಸ ಹೀರುವ ನುಸಿ ಸಾಯಬೇಕಾದರೆ, ಬುಡದಲ್ಲಿ ಕೊಟ್ಟ ಔಷಧಿ ಮರದ ನೆತ್ತಿಯ ತನಕ ಏರಲೇಬೇಕು. ಏರುತ್ತದೆಂದೇ ತಾನೆ ಅದನ್ನು ಬೇರಿಗೆ ಉಣಿಸುವುದು? ಏರಿದ ಮೇಲೆ ನುಸಿಯ ಬಾಯಿಗೆ ಮಾತ್ರ ಹೋಗಿ, ನಿಮ್ಮ ಸ್ಟ್ರಾದ ಹತ್ತಿರ ಬಂದು ನಿಂತುಬಿಡುವಷ್ಟು ಮರ್ಯಾದಸ್ಥ ವಿಷವನ್ನು ಇನ್ನೂ ಯಾರೂ ತಯಾರಿಸಿಲ್ಲ.

ಅರಸೀಕೆರೆಯಲ್ಲಿ ಆಸ್ಪತ್ರೆಯ ಗೇಟಿನೆದುರು, ಹೊಂಗೆ ಮರದಡಿ, ಹದಿನೇಳು ವರ್ಷದಿಂದ ಎಳನೀರು ಮಾರುತ್ತಿದ್ದ ಬೋರಮ್ಮನಿಗೆ ಅಕ್ಷರ ಬರುತ್ತಿರಲಿಲ್ಲ. ಇದು ಮಾತ್ರ ಚೆನ್ನಾಗಿ ಗೊತ್ತಿತ್ತು. ಗೊತ್ತಾದದ್ದು ಗಂಡ ಹುಚ್ಚಣ್ಣನಿಂದ. ಜಾವಗಲ್ ಹತ್ತಿರ ಏಕಾಂತಯ್ಯನವರ ನೂರಾ ನಲವತ್ತು ಮರದ ತೋಟದಲ್ಲಿ ಮರ ಹತ್ತಿ ಕಾಯಿ ಇಳಿಸುವವನೂ ಅವನೇ, ಬೇರಿಗೆ ಔಷಧಿ ಕಟ್ಟುವವನೂ ಅವನೇ. ಬುಡದಿಂದ ಎರಡು ಮೂರು ಅಡಿ ದೂರದಲ್ಲಿ ಮಣ್ಣು ಬಿಡಿಸಿ, ಪೆನ್ಸಿಲ್ ದಪ್ಪದ ಎಳೆಯ ಬೇರೊಂದನ್ನು ಹುಡುಕಿ, ಅದರ ತುದಿಯನ್ನು ಓರೆಯಾಗಿ ಕೊಯ್ದು, ಔಷಧಿ ತುಂಬಿದ ಪುಟ್ಟ ಪ್ಲಾಸ್ಟಿಕ್ ಕವರಿಗೆ ಇಳಿಬಿಟ್ಟು ದಾರ ಬಿಗಿಯಬೇಕು. ಇವತ್ತು ಕಟ್ಟಿದರೆ ನಾಳೆಗೆ ಕವರು ಖಾಲಿ. ಮರ ಕುಡಿದು ಮುಗಿಸಿರುತ್ತದೆ.

ಕಟ್ಟಿದ ಕೂಡಲೇ ಹುಚ್ಚಣ್ಣ ಇನ್ನೊಂದು ಕೆಲಸ ಮಾಡುತ್ತಿದ್ದ. ಬಕೆಟ್ಟಿನಲ್ಲಿ ಕಲಸಿಟ್ಟ ಸುಣ್ಣಕ್ಕೆ ನಾರಿನ ಕುಂಚ ಅದ್ದಿ, ಆ ಮರದ ಸುತ್ತ ಎದೆಮಟ್ಟಕ್ಕೆ ಅಂಗೈ ಅಗಲದ ಪಟ್ಟೆ ಎಳೆಯುತ್ತಿದ್ದ. ಪಟ್ಟೆ ಬಿದ್ದ ಮರವನ್ನು ಏಳು ಸಂತೆ ಕಳೆಯುವ ತನಕ ಯಾರೂ ಮುಟ್ಟುವ ಹಾಗಿಲ್ಲ. ತಿಳಿದವರು ನಲವತ್ತೈದು ದಿನ ಅನ್ನುತ್ತಿದ್ದರು. ಜಾವಗಲ್ ಸಂತೆಯ ಲೆಕ್ಕದಲ್ಲಿ ಏಳು ಅಂದರೆ ಅದಕ್ಕಿಂತ ನಾಲ್ಕು ದಿನ ಹೆಚ್ಚೇ. ಒಂದು ಸಲಕ್ಕೆ ಮೂವತ್ತೋ ಮೂವತ್ತೈದೋ ಮರಕ್ಕೆ ಮಾತ್ರ ಕಟ್ಟುವುದು, ಉಳಿದವುಗಳಿಂದ ಕಾಯಿ ಇಳಿಸುವುದು. ಇಷ್ಟೇ ಕಾನೂನು. ಇದನ್ನು ಯಾವ ಸರ್ಕಾರವೂ ಬರೆದಿರಲಿಲ್ಲ, ಯಾರೂ ಮುರಿದೂ ಇರಲಿಲ್ಲ.

ಆಸ್ಪತ್ರೆಯೆದುರು ಎಳನೀರು ಮಾರುವುದು ಅಂದರೆ ಬಸ್ ಸ್ಟ್ಯಾಂಡಿನಲ್ಲಿ ಮಾರಿದ ಹಾಗಲ್ಲ. ಅಲ್ಲಿ ಕುಡಿಯುವವರು ಬಸುರಿಯರು, ಬಾಣಂತಿಯರು, ಜ್ವರದಲ್ಲಿ ನಾಲಿಗೆ ಒಣಗಿದವರು. ಯಾರಾದರೂ, "ಔಷಧಿ ಹಾಕಿದ್ ಕಾಯಲ್ಲ ತಾನೆ?" ಎಂದು ಅನುಮಾನಿಸಿದರೆ ಬೋರಮ್ಮ ಮಚ್ಚು ಎತ್ತಿದ ಕೈಯನ್ನು ಅಲ್ಲೇ ನಿಲ್ಲಿಸುತ್ತಿದ್ದಳು.

"ಪಟ್ಟೆ ಇಲ್ದಿರೋ ಮರದ್ದು ಕಣಪ್ಪ. ನಂಬ್ಕೆ ಇದ್ರೆ ಕುಡಿ, ಇಲ್ದಿದ್ರೆ ಅಗೋ ಅಲ್ಲಿ ಸೋಡ ಮಾರ್ತಾವ್ರೆ."

ಜನ ಕುಡಿಯುತ್ತಿದ್ದರು. ಗಂಜಿ ಬೇಕೆಂದವರಿಗೆ ಬುರುಡೆ ಸೀಳಿ, ಅದರ ಚಕ್ಕೆಯಲ್ಲೇ ಗಂಜಿ ಎಬ್ಬಿಸಿ ಕೊಡುತ್ತಿದ್ದಳು.

ಎರಡು ಸಾವಿರದ ಇಸವಿಯ ಹೊತ್ತಿಗೆ ನುಸಿ ಇಡೀ ಸೀಮೆಯನ್ನು ಹಿಡಿದುಕೊಂಡಿತ್ತು. ಕಾಯಿಯ ಮೇಲೆ ಕಂದು ಕಜ್ಜಿ, ಮುಷ್ಟಿ ಗಾತ್ರಕ್ಕೇ ಮುರುಟಿಕೊಳ್ಳುವ ಬುರುಡೆ. ಏಕಾಂತಯ್ಯನವರು ತೋಟದಲ್ಲಿ ಕತ್ತೆತ್ತಿ ನಡೆಯುವುದನ್ನೇ ಬಿಟ್ಟಿದ್ದರು. ಆಗ ಅವರ ಬಾಗಿಲಿಗೆ ಬಂದವನು ಶಿವಕುಮಾರ್. ಇಸ್ತ್ರಿ ಅಂಗಿ, ಹೀರೋ ಹೋಂಡ, ಕಂಪನಿಯ ಏಜೆಂಟು. ಅವನು ತಂದ ಪೊಟ್ಟಣದ ಹೆಸರು ವನಕವಚ. ಪೊಟ್ಟಣದ ಮೇಲೆ ದೊಡ್ಡ ಹಸಿರು ಎಲೆ, ಎಲೆಯ ಕೆಳಗೆ ಹಸು, ಹಸುವಿನ ಪಕ್ಕ ಕರು.

ಹತ್ತಾರು ತೋಟದವರು ಸೇರಿದ್ದ ಆ ಬೆಳಗ್ಗೆ ಬೋರಮ್ಮನೂ ಕಾಯಿ ತುಂಬಿಸಲು ಬಂದು ಅಲ್ಲೇ ನಿಂತಿದ್ದಳು. ಶಿವಕುಮಾರ್ ತನ್ನ ಹೆಗಲ ಬ್ಯಾಗಿನಿಂದ ಒಂದು ಸಣ್ಣ ಬಾಟಲಿ ತೆಗೆದ. ಬೆರಳು ಅದ್ದಿದ. ಎಲ್ಲರೂ ನೋಡುತ್ತಿದ್ದ ಹಾಗೆಯೇ ನಾಲಿಗೆಗೆ ಒತ್ತಿಕೊಂಡ.

"ಕಹಿ ಐತೆ ಅಷ್ಟೇ," ಅಂದ. "ಬೇವು ಇನ್ನೇನು ಸಿಹಿ ಇರುತ್ತಾ? ನಮ್ಮಜ್ಜಿ ದಿನಾ ಬೇವಿನ ಕಡ್ಡೀಲಿ ಹಲ್ಲುಜ್ಜಿ ತೊಂಬತ್ತು ವರ್ಷ ಬದುಕಿದ್ಲು. ಇದು ಅದೇ ಬೇವು, ಪೊಟ್ಟಣದಲ್ಲೈತೆ."

ಜನ ನಕ್ಕರು. ಹಾಗೆ ನಕ್ಕವರ ಪೈಕಿ ಬೋರಮ್ಮನೂ ಒಬ್ಬಳು. ಪೊಟ್ಟಣಗಳು ರಟ್ಟಿನ ಡಬ್ಬದಲ್ಲಿದ್ದವು, ನೆಕ್ಕಿದ್ದು ಬ್ಯಾಗಿನ ಬಾಟಲಿಯಿಂದ. ಇದು ಅವಳಿಗೆ ಹೊಳೆದದ್ದು ಬಹಳ ತಡವಾಗಿ.

ಹುಚ್ಚಣ್ಣ ಕೊನೆಯಲ್ಲಿ ಕೇಳಿದ. "ಸುಣ್ಣ ಎಷ್ಟ್ ದಿನಕ್ ಬಳೀಬೇಕು ಸಾರ್?"

"ಯಾಕಪ್ಪಾ ಸುಣ್ಣ? ಇವತ್ತು ಕಟ್ಟು, ನಾಳೆ ಕೀಳು. ಬೇವಿನ ಮರದಡಿ ಮಲಗೋ ಜನ ನಾವು, ಬೇವು ಕುಡಿದ ಮರಕ್ಕೆ ಪಟ್ಟೆ ಎಳೆದ್ರೆ ನೋಡಿದೋರು ಏನಂದ್ಕೋತಾರೆ? ಒಳ್ಳೆ ತೋಟಕ್ಕೆ ನೀನೇ ಕೆಟ್ಟ ಹೆಸರು ತರ್ತೀಯ." ಅವನು ಏಕಾಂತಯ್ಯನವರ ಕಡೆ ತಿರುಗಿದ. "ಏನ್ ಅಯ್ನೋರೆ, ಹೌದೋ ಅಲ್ವೋ?"

ಏಕಾಂತಯ್ಯನವರು ತಲೆಯಾಡಿಸಿದರು. ಅವರು ಕೆಟ್ಟವರಲ್ಲ. ಪ್ರತಿ ಸೋಮವಾರ ಮಠದ ಅಭಿಷೇಕಕ್ಕೆ ತೋಟದ ಐದು ಎಳನೀರು ತಪ್ಪದೆ ಕಳಿಸುವವರು. ಸುಣ್ಣದ ಬಕೆಟ್ಟು ಅಂದಿನಿಂದ ಪಂಪ್‌ಮನೆಯ ಮೂಲೆ ಸೇರಿತು.

ಕಂಪನಿ ಸುಳ್ಳು ಹೇಳಿತು ಅನ್ನುವುದು ಸಣ್ಣ ಮಾತು. ಸುಳ್ಳು ಹೇಳದ ಅಂಗಡಿ ಯಾವುದಿದೆ? ಆ ಜನ ತಾವೇ ಕಂಡುಕೊಂಡಿದ್ದ ಒಂದು ಎಚ್ಚರವನ್ನು ಅವಮಾನ ಮಾಡಿ ಮೂಲೆಗೆ ಕೂರಿಸಿತಲ್ಲ, ಅದನ್ನು ನೋಡಿ.

ಬೋರಮ್ಮ ಸುಮ್ಮನೆ ನಂಬುವವಳಲ್ಲ. ಮಗಳು ಮೀನಾಕ್ಷಿ ಸಂಕ್ರಾಂತಿಗೆ ಬಂದಾಗ ಒಂದು ಖಾಲಿ ಪೊಟ್ಟಣ ಅವಳ ಕೈಗೆ ಕೊಟ್ಟಳು. ಮೀನಾಕ್ಷಿ ಬೇಲೂರಿನಲ್ಲಿ ಪ್ರೈಮರಿ ಶಾಲೆಯ ಟೀಚರು. ಅಳಿಯ ಸಿದ್ಧಾರ್ಥ ಅಲ್ಲೇ ಒಂದು ಆಫೀಸಿನಲ್ಲಿ ಗುಮಾಸ್ತ. ಕೇರಿಯಲ್ಲಿ ಮೊದಲು ಸಂಬಳದ ಚೀಟಿಗೆ ಸಹಿ ಮಾಡಿದ ಹುಡುಗಿ. ಅವಳು ಓದಿದ್ದು ಅಂದರೆ ಬೋರಮ್ಮನ ಪಾಲಿಗೆ ಅದೇ ಕೊನೆ ಮಾತು.

"ಬೇವಿನ ಸತ್ವದಿಂದ," ಎಂದು ಓದಿದಳು ಮೀನಾಕ್ಷಿ. "ಪರಿಸರ ಸ್ನೇಹಿ. ಭೂಮಿತಾಯಿಗೆ ಹಿತ, ನಿಮ್ಮ ಕಂದನಿಗೂ ಸುರಕ್ಷಿತ. ಚೆನ್ನಾಗಿ ಬರ್ದಿದಾರಮ್ಮ."

"ಕಂದಂಗೂ ಅಂತ ಐತಾ?"

"ಹೂಂ. ದಪ್ಪಕ್ಷರದಲ್ಲೇ ಇದೆ."

ಬೋರಮ್ಮ ಮಗಳ ಹೊಟ್ಟೆ ನೋಡಿ ನಕ್ಕಳು. ನಾಲ್ಕು ತಿಂಗಳಾಗಿತ್ತು. ಪೊಟ್ಟಣದ ಹಿಂಬದಿಯನ್ನು ಇಬ್ಬರೂ ತಿರುಗಿಸಲಿಲ್ಲ.

ಆಮೇಲೆ ಶಿವಕುಮಾರ್ ಹೊಂಗೆ ಮರಕ್ಕೆ ಒಂದು ಹಸಿರು ಬ್ಯಾನರ್ ಕಟ್ಟಿಸಿದ: 'ವಿಷಮುಕ್ತ ತೋಟದ ಎಳನೀರು'. ಕೆಳಗೆ ಅದೇ ಎಲೆ, ಅದೇ ಕರು. ಬೋರಮ್ಮನ ಮುಂದೆ ಜನ ಸಾಲು ನಿಂತರು. ಮೂರು ದಿನಕ್ಕೊಮ್ಮೆ ಅವಳು ಆರು ಎಳನೀರನ್ನು ಗೋಣಿಚೀಲದಲ್ಲಿ ಕಟ್ಟಿ, ಬೆಳಗಿನ ಬೇಲೂರು ಬಸ್ಸಿನ ಕಂಡಕ್ಟರ್ ಕೃಷ್ಣಪ್ಪನ ಕೈಗೆ ಕೊಡುತ್ತಿದ್ದಳು. ಬೇಲೂರಿನ ಸ್ಟ್ಯಾಂಡಿನಲ್ಲಿ ಸಿದ್ಧಾರ್ಥ ಇಳಿಸಿಕೊಳ್ಳುತ್ತಿದ್ದ. ಕೃಷ್ಣಪ್ಪ ಲಗೇಜು ಕೇಳುತ್ತಿರಲಿಲ್ಲ. ಒಂದು ಎಳನೀರು ಅಲ್ಲೇ ನಿಂತು ಕುಡಿದು, "ರೈಟ್" ಅನ್ನುತ್ತಿದ್ದ.

ಏಪ್ರಿಲ್ ಬಿಸಿಲು ಏರಿದ್ದ ಒಂದು ದಿನ, ಹನ್ನೊಂದು ಗಂಟೆಯ ಸುಮಾರಿಗೆ, ಏಕಾಂತಯ್ಯನವರ ಟೆಂಪೋ ಆಸ್ಪತ್ರೆಯ ಗೇಟಿನೊಳಗೆ ನುಗ್ಗಿತು. ಬೋರಮ್ಮ ಯಾರೋ ಪಾಪದವರು ಅಂದುಕೊಂಡು ಮಚ್ಚಿಗೆ ನೀರು ಚಿಮುಕಿಸುತ್ತಿದ್ದಳು. ಇಳಿಸಿದ ಮನುಷ್ಯನ ಕಾಲಿನಲ್ಲಿದ್ದ ಟೈರಿನ ಚಪ್ಪಲಿ ನೋಡಿದ ಮೇಲೆ ಓಡಿದಳು.

ಹುಚ್ಚಣ್ಣನ ಬಾಯಿಂದ ಜೊಲ್ಲು ನೂಲಿನ ಹಾಗೆ ಇಳಿಯುತ್ತಿತ್ತು. ಅಂಗಿ ಬಾವಿಯಿಂದ ಎತ್ತಿದ ಹಾಗೆ ಒದ್ದೆ. ತೊಡೆಯ ಮಾಂಸ ತನ್ನಷ್ಟಕ್ಕೆ ತಾನೇ ಮಿಡುಕುತ್ತಿತ್ತು.

"ಏನ್ ಮಾಡ್ಕಂಡೆ? ಮಾತಾಡು. ಏನ್ ಕುಡ್ದೆ?"

"ಏನೂ ಕುಡ್ದಿಲ್ಲ ಕಣೇ," ಅಂದ ಅವನು, ನಾಲಿಗೆ ಹೊರಳದೆ. "ಕವರ್ ಕಟ್ತಿದ್ದೆ. ಒಂದ್ ಒಡೀತು. ನೀ ಎರಡೆರಡಾಗಿ ಕಾಣ್ತೀಯ."

ಡಾಕ್ಟರಮ್ಮ ಅವನ ರೆಪ್ಪೆ ಬಿಡಿಸಿ ಟಾರ್ಚು ಬಿಟ್ಟರು. ಕಣ್ಣಿನ ಪಾಪೆ ಸಾಸಿವೆ ಕಾಳಿನಷ್ಟಾಗಿತ್ತು. ಬಟ್ಟೆ ಬಿಚ್ಚಿಸಿ ಮೈತೊಳೆಸಿದರು, ಸೂಜಿ ಹಾಕಿದರು, ಮತ್ತೆ ಹಾಕಿದರು. "ಯಾವ ವಿಷ?" ಎಂದು ಕೇಳಿದರು.

"ವಿಷ ಅಲ್ಲ ಡಾಕ್ಟ್ರಮ್ಮ. ಬೇವಿನೌಷ್ದಿ," ಅಂದಳು ಬೋರಮ್ಮ.

"ಬೇವು ಹೀಗೆ ಮಾಡಲ್ಲಮ್ಮ."

"ನನ್ ಮಗ್ಳು ಓದವ್ಳೆ. ಬರೆದೈತೆ."

ಟೆಂಪೋ ಡ್ರೈವರ್ ತಂದಿದ್ದ ಪೊಟ್ಟಣವನ್ನು ಡಾಕ್ಟರಮ್ಮ ತೆಗೆದುಕೊಂಡರು. ಹಸಿರು ಎಲೆಯನ್ನು ಅವರು ನೋಡಲೇ ಇಲ್ಲ. ನೇರ ಹಿಂಬದಿ ತಿರುಗಿಸಿ, ಕಿಟಕಿಯ ಬೆಳಕಿಗೆ ಹಿಡಿದು, ಇರುವೆ ಸಾಲಿನಂಥ ಇಂಗ್ಲಿಷಿನ ಮೇಲೆ ಉಗುರು ಓಡಿಸಿದರು. "ಸಸ್ಯಮೂಲದ ಸತ್ವ, ಮತ್ತು ಪೂರಕ ಪದಾರ್ಥಗಳು. ಪೂರಕ ಅಂದ್ರೆ ಏನು, ಎಷ್ಟು, ಬರ್ದಿಲ್ಲ. ಏನೇ ಇರ್ಲಿ, ಇವರ ಮೈ ಹೇಳ್ತಿದೆ. ಗೊಬ್ಬರದಂಗಡೀಲಿ ತಲೆಬುರುಡೆ ಚಿತ್ರ ಹಾಕಿ ಮಾರ್ತಾರಲ್ಲ, ಆ ಜಾತಿದು." ಪೊಟ್ಟಣ ಕೆಳಗಿಟ್ಟು ಕೇಳಿದರು. "ಈ ತೋಟದ ಕಾಯಿ ಎಲ್ಲಿಗೆ ಹೋಗುತ್ತೆ?"

ಬೋರಮ್ಮ ಹೊರಗೆ ನೋಡಿದಳು. ಕಿಟಕಿಯಾಚೆ ಹೊಂಗೆ ಮರ ಕಾಣುತ್ತಿತ್ತು. ಬ್ಯಾನರಿನ ಕೆಳಗೆ ಬಸುರಿ ಹೆಂಗಸೊಬ್ಬಳು ಗಂಡನ ಜೊತೆ ನಿಂತು, ಮಾರುವವಳು ಬರಲಿ ಎಂದು ಕಾಯುತ್ತಿದ್ದಳು.

ಬೋರಮ್ಮನಿಗೆ ಹಿಂದಿನದೆಲ್ಲ ಒಂದೊಂದಾಗಿ ಎದ್ದು ಬಂತು. ಮೊದಲು ಹಳೆಯ ಔಷಧಿ ಕಟ್ಟುವಾಗ ಹುಚ್ಚಣ್ಣ ಕೈಗೆ ಪ್ಲಾಸ್ಟಿಕ್ ಕವರು ಸುತ್ತಿಕೊಳ್ಳುತ್ತಿದ್ದ, ಕೆಲಸ ಮುಗಿಸಿ ಬೂದಿ ಹಚ್ಚಿ ತೊಳೆದುಕೊಳ್ಳುತ್ತಿದ್ದ. ಬೇವು ಬಂದ ಮೇಲೆ ಬರಿಗೈ. ಹೋದ ತಿಂಗಳು ತಲೆ ಸುತ್ತುತ್ತದೆ ಅಂದಿದ್ದ. ಬಿಸಿಲು, ಮಜ್ಜಿಗೆ ಕುಡಿ ಅಂದವಳು ಅವಳೇ. ಸಾಲದ್ದಕ್ಕೆ ಒಂದು ಎಳನೀರು ಕೆತ್ತಿ ಕೊಟ್ಟವಳೂ ಅವಳೇ.

ಇವತ್ತು ಬೇಲೂರಿಗೆ ಗೋಣಿಚೀಲ ಹೋಗಿತ್ತು.

ಮಧ್ಯಾಹ್ನ ಹುಚ್ಚಣ್ಣನ ಉಸಿರು ಹಿಡಿತಕ್ಕೆ ಬಂತು, ಜೀವಕ್ಕೆ ತೊಂದರೆ ಇಲ್ಲ ಅಂದರು. ನಾದಿನಿ ವಿಶಾಲಮ್ಮನನ್ನು ಕಾಟಿನ ಪಕ್ಕ ಕೂರಿಸಿ ಬೋರಮ್ಮ ಎಸ್‌ಟಿಡಿ ಬೂತಿಗೆ ಹೋದಳು. ಸಿದ್ಧಾರ್ಥನ ಆಫೀಸಿನಲ್ಲಿ ಯಾರೋ ಎತ್ತಿಕೊಂಡು, "ಅವರು ಹಾಸನಕ್ಕೆ ಹೋಗಿದಾರೆ, ನಾಳೆ ಮಾಡಿ," ಅಂದರು. ನಾಳೆ ಅನ್ನುವುದು ಆ ಹೊತ್ತಿಗೆ ಅವಳಿಗೆ ಒಂದು ಊರಿನಷ್ಟು ದೂರ ಇತ್ತು. ಬೇಲೂರು ಬಸ್ಸು ಹತ್ತಿದಳು. ಬೆಳಗಿನ ಬಸ್ಸೇ, ಎರಡನೆಯ ಟ್ರಿಪ್ಪು.

"ಏನ್ ಬೋರಮ್ಮ, ಚೀಲದ್ ಬದ್ಲು ನೀನೇ ಬಂದ್ಬುಟ್ಟೆ," ಅಂದ ಕೃಷ್ಣಪ್ಪ. "ನಿಂಗೆ ಟಿಕೆಟ್ ಹರೀಲೋ, ಲಗೇಜ್ ಹರೀಲೋ?"

"ಕೃಷ್ಣಪ್ಪಣ್ಣ, ಬೆಳಿಗ್ಗೆ ಕೊಟ್ಟಿದ್ನ ಕುಡ್ದ್ಯಾ?"

"ಕುಡೀದೆ ಬಿಡ್ತೀನಾ? ಯಾಕೆ, ಕಾಸ್ ಕೇಳ್ತೀಯಾ ಈಗ?"

ಅವಳು ಅವನ ಕಣ್ಣಿನ ಪಾಪೆ ನೋಡಿದಳು. ಅಷ್ಟು ಹತ್ತಿರದಿಂದ ಅವನನ್ನು ಅವಳು ನೋಡಿದ್ದೇ ಇಲ್ಲ. ಪಾಪೆ ಸರಿಯಾಗಿಯೇ ಇತ್ತು ಅನ್ನಿಸಿತು. ಏನಾಯಿತೆಂದು ಹೇಳಿದಳು. ಕೃಷ್ಣಪ್ಪನ ಕೈಯಲ್ಲಿದ್ದ ಟಿಕೆಟ್ ಕಟ್ಟು ಹಾಗೇ ನಿಂತಿತು. ಜಾವಗಲ್ ತನಕ ಅವನು ಹೊಟ್ಟೆ ಸವರಿಕೊಳ್ಳುತ್ತಲೇ ಟಿಕೆಟ್ ಹರಿದ.

ಜಾವಗಲ್ ಹತ್ತಿರ ರಸ್ತೆಯ ಎಡಕ್ಕೆ ಏಕಾಂತಯ್ಯನವರ ತೋಟ ಕಾಣುತ್ತದೆ. ಬೋರಮ್ಮ ಕಿಟಕಿಗೆ ಮುಖ ಒತ್ತಿ ನೋಡಿದಳು. ಸಾಲಿಗೆ ಸಾಲು ಬೂದು ಕಾಂಡಗಳು. ಒಂದಕ್ಕೂ ಪಟ್ಟೆ ಇಲ್ಲ. ಯಾವುದು ನಿನ್ನೆ ಕುಡಿದದ್ದು, ಯಾವುದು ಮೊನ್ನೆ ಕುಡಿದದ್ದು, ಯಾವುದು ಕುಡಿದೇ ಇಲ್ಲ? ಎಲ್ಲವೂ ಒಂದೇ ಥರ ತಲೆಯಾಡಿಸುತ್ತಿದ್ದವು. ಅವಳು ದಿನಾ ಅನ್ನ ಕಂಡ ತೋಟ ಅದು. ಅವಳು ಕಿಟಕಿಯಿಂದ ಮುಖ ಹಿಂದಕ್ಕೆಳೆದುಕೊಂಡಳು.

ಹಳೇಬೀಡಿನಲ್ಲಿ ಬಸ್ಸು ನಿಂತಾಗ ಗುಡಿ ನೋಡಲು ಬಂದಿದ್ದ ಶಾಲೆಯ ಹುಡುಗಿಯರು ಎಳನೀರು ಗಾಡಿಯ ಸುತ್ತ ಮುಗಿಬಿದ್ದಿದ್ದರು. ಆ ಕಾಯಿ ಯಾವ ತೋಟದ್ದೋ. ಇಳಿದು ಕೇಳಬೇಕು ಅನ್ನಿಸಿತು. ಕೇಳಿದರೆ ಆ ಗಾಡಿಯವನೂ ಅವಳ ಹಾಗೆಯೇ, ಒಳ್ಳೆ ತೋಟದ್ದು ಕಣವ್ವ, ನಂಬಿಕೆ ಇದ್ದರೆ ಕುಡಿ, ಅನ್ನುತ್ತಿದ್ದ.

ಮೀನಾಕ್ಷಿ ಬಾಗಿಲಲ್ಲೇ ಕೂತು ಮಕ್ಕಳ ಉತ್ತರ ಪತ್ರಿಕೆ ತಿದ್ದುತ್ತಿದ್ದಳು. ಏಳು ತಿಂಗಳ ಹೊಟ್ಟೆ. ಪಕ್ಕದಲ್ಲಿ ಸೀಳಿದ ಎರಡು ಬುರುಡೆ, ಒಂದರೊಳಗೆ ಚಮಚ.

"ಅಮ್ಮ? ಅಪ್ಪ ಬರ್ಲಿಲ್ವಾ?"

"ಎರಡೂ ಕುಡ್ದುಬಿಟ್ಯಾ?"

"ಸೆಕೆ ಅಲ್ವಾ. ಯಾಕಮ್ಮ, ಮುಖ ಹೀಗಿದೆ?"

ಬೋರಮ್ಮ ಉಳಿದ ನಾಲ್ಕನ್ನು ಹುಡುಕಿ ಹಿತ್ತಲ ಕಲ್ಲಿನ ಮೇಲೆ ಒಂದೊಂದಾಗಿ ಒಡೆದಳು. ನೀರು ಹರಿದು ದಾಸವಾಳದ ಬುಡಕ್ಕೆ ಹೋಯಿತು. ಅಲ್ಲಿಗೂ ಹೋಗಬಾರದು ಅನ್ನಿಸಿ ಮಣ್ಣು ಎಳೆದಳು. ಆಮೇಲೆ ಮಗಳಿಗೆ ಹೇಳಿದಳು. ಮೀನಾಕ್ಷಿ ಕೆಂಪು ಪೆನ್ನಿಗೆ ಕ್ಯಾಪು ಹಾಕಿದಳು.

"ನಾನೇ ಓದಿ ಹೇಳಿದ್ದು."

"ನಿಂದೇನ್ ತಪ್ಪವ್ವ. ಇದ್ದಿದ್ನ ಓದ್ದೆ."

"ಜನ ಓದ್ಲಿ ಅಂತ ಅವರು ದಪ್ಪಗೆ ಬರ್ದಿದ್ದನ್ನ ಮಾತ್ರ ಓದ್ದೆ. ದಿನಾ ಮಕ್ಕಳಿಗೆ ಪುಟ ಪೂರ್ತಿ ಓದ್ರೋ ಅಂತ ಬಯ್ಯೋಳು ನಾನು." ಅವಳ ಧ್ವನಿ ಎತ್ತರವಾಗಲೇ ಇಲ್ಲ. "ಅಮ್ಮ, ಬೆಳಿಗ್ಗೆಯಿಂದ ಇದು ಒದ್ದಿಲ್ಲ."

ಬೋರಮ್ಮ ಒರಟು ಅಂಗೈಯನ್ನು ಮಗಳ ಹೊಟ್ಟೆಯ ಮೇಲೆ ಇಟ್ಟಳು. ಹದಿನೇಳು ವರ್ಷ ಮಚ್ಚು ಹಿಡಿದ ಕೈ. ಕಾಯಿಯ ಮೇಲೆ ಇಟ್ಟರೆ ಒಳಗೆ ನೀರೆಷ್ಟು ಗಂಜಿಯೆಷ್ಟು ಹೇಳುತ್ತಿತ್ತು. ಈಗ ಅದಕ್ಕೆ ಏನೂ ತಿಳಿಯಲಿಲ್ಲ. ಗೋಡೆಯ ಗಡಿಯಾರ ಟಕಟಕ ಅನ್ನುತ್ತಿತ್ತು. ಎಷ್ಟೋ ಹೊತ್ತಿನ ಮೇಲೆ ಅಂಗೈಯ ಕೆಳಗೆ, ಮೀನು ಹೊರಳಿದ ಹಾಗೆ, ಏನೋ ಒಂದು ಹೊರಳಿತು.

ಬೇಲೂರಿನ ಡಾಕ್ಟರು ಪರೀಕ್ಷೆ ಮಾಡಿ, ಮಗುವಿನ ಎದೆಬಡಿತ ಚೆನ್ನಾಗಿದೆ ಅಂದರು. "ಮುಂದೆ ಏನಾದ್ರೂ ಆಯ್ತದಾ?" ಎಂದು ಬೋರಮ್ಮ ಕೇಳಿದಳು. ಅವರು ಪ್ರಾಮಾಣಿಕರು. "ಏನು ಹೊಟ್ಟೆಗೆ ಹೋಗಿದೆ, ಎಷ್ಟು ಹೋಗಿದೆ ಅಂತ ಗೊತ್ತಾದ್ರೆ ಹೇಳಬಹುದಮ್ಮ. ಗೊತ್ತಿಲ್ಲ," ಅಂದರು. ಬೋರಮ್ಮನಿಗೆ ಆ ವಿಷಕ್ಕಿಂತ ಹೆಚ್ಚು ದಿನ ಮೈಯಲ್ಲಿ ಉಳಿದದ್ದು ಈ ಒಂದು ಮಾತು.

ಮೂರನೆಯ ದಿನ ಅವಳು ಆಸ್ಪತ್ರೆಯಲ್ಲಿ ಗಂಡನ ಮುಂದೆ ಕೂತು ಕೇಳಿದಳು. "ಯಾವ್ ಯಾವ್ ಮರಕ್ ಕಟ್ಟಿದ್ದೆ? ನೆಪ್ಪು ಮಾಡ್ಕ."

ಹುಚ್ಚಣ್ಣ ಕಣ್ಣು ಮುಚ್ಚಿ ಬೆರಳು ಮಡಿಸಿದ. ಬಾವಿಯ ಸಾಲು. ಪಂಪ್‌ಮನೆ ಹಿಂದೆ ಕೆಲವು. ಆಚೆ ಬದಿಗೆ ಹೋಗಿದ್ದೆನೋ ಇಲ್ಲವೋ. ಮಡಿಸಿದ ಬೆರಳುಗಳನ್ನು ಮತ್ತೆ ಬಿಚ್ಚಿದ. "ಸುಣ್ಣ ಇದ್ದಿದ್ರೆ ಹೇಳ್ತಿದ್ದೆ ಕಣೇ. ನಾ ಯಾವತ್ ನೆಪ್ಪಿಟ್ಕಂಡಿದ್ದೆ? ನೆಪ್ಪಿಟ್ಕಂಡಿದ್ದು ಸುಣ್ಣ."

ಅವಳು ತೋಟಕ್ಕೆ ಹೋದಳು. ಅಲ್ಲಿ ಏಕಾಂತಯ್ಯನವರ ಜಗುಲಿಯ ಮೇಲೆ ಶಿವಕುಮಾರ್ ಕೂತಿದ್ದ. ಸುದ್ದಿ ಅವನಿಗೂ ಮುಟ್ಟಿತ್ತು.

"ಬನ್ನಿ ಬೋರಮ್ನೋರೆ," ಅಂದ. "ಯಜಮಾನ್ರು ಹೆಂಗವ್ರೆ? ಮೊದ್ಲೇ ಪಿತ್ತದ ಮೈ ಅಂತೆ. ಬಿಸಿಲಲ್ಲಿ ಹಸ್ಕೊಂಡು ಕೆಲ್ಸ ಮಾಡಿದ್ರೆ ಯಾರ್ಗಾದ್ರೂ ಆಯ್ತದೆ. ಕಂಪನಿಯಿಂದ ಏನಾದ್ರೂ ಸಹಾಯ ಮಾಡ್ಸಾಣ. ಊರ್ ತುಂಬಾ ಹೇಳ್ಕಂಡು ತಿರುಗ್ಬೇಡಿ ಮತ್ತೆ. ತೋಟದ ಹೆಸ್ರು ಹೋದ್ರೆ ನಿಮ್ ಅನ್ನಾನೂ ಹೋಯ್ತದೆ, ಅಯ್ನೋರ್ದೂ ಹೋಯ್ತದೆ."

ಜಗುಲಿಯ ಕೆಳಗೆ ಬಾವಿಸಾಲಿನ ಗೊನೆಯೊಂದು ಬಿದ್ದಿತ್ತು. ಬೋರಮ್ಮ ಒಂದು ಕಾಯಿ ಕಿತ್ತುಕೊಂಡಳು. ಸೊಂಟದ ಮಚ್ಚು ತೆಗೆದು ಮೂರು ಪೆಟ್ಟಿಗೆ ನೆತ್ತಿ ಹಾರಿಸಿದಳು. ನೀರು ಒಂದು ಹನಿ ಚೆಲ್ಲದ ಹಾಗೆ ಎರಡೂ ಕೈಯಲ್ಲಿ ಹಿಡಿದು ಅವನ ಮುಂದೆ ಚಾಚಿದಳು.

"ಬಿಸ್ಲಲ್ ಬಂದಿದೀರ. ಕುಡೀರಿ."

ಶಿವಕುಮಾರ್ ನಕ್ಕ. "ಈಗ ತಾನೆ ಅಯ್ನೋರ ಮನೇಲಿ ಕಾಫಿ ಆಯ್ತು."

"ಅವತ್ ಬೆರಳದ್ದಿ ನೆಕ್ಕಿದ್ರಲ್ಲ ಸಾರ್. ಅದ್ಕಿಂತ ಇದು ರುಚಿಯಾಗೈತೆ. ಕಹಿ ಇಲ್ಲ."

"ಕಾಫಿ ಮೇಲೆ ಎಳನೀರು ನಂಗೆ ಆಗ್ಬರಲ್ಲಮ್ಮ."

"ಒಂದ್ ಗುಟುಕು. ನನ್ ಮಗ್ಳು ಏಳು ತಿಂಗಳ ಬಸುರಿ, ದಿನಕ್ಕೆರಡು ಕುಡಿದವ್ಳೆ. ನೀವು ಗಂಡಸ್ರು."

ಅವನು ಬ್ಯಾಗು ಎತ್ತಿಕೊಂಡ. ಗಡಿಯಾರ ನೋಡಿಕೊಂಡ. ಬಾಣಾವರದಲ್ಲಿ ಮೀಟಿಂಗ್ ಇದೆ ಅಂದ. ಬೋರಮ್ಮ ಕೈ ಚಾಚಿಕೊಂಡೇ ನಿಂತಿದ್ದಳು. ಬೈಕಿನ ಸದ್ದು ರಸ್ತೆಗೆ ಸೇರಿದ ಮೇಲೂ ನಿಂತಿದ್ದಳು.

ಏಕಾಂತಯ್ಯನವರು ಇದಿಷ್ಟನ್ನೂ ಕಂಬಕ್ಕೆ ಒರಗಿ ನೋಡಿದ್ದರು. ಅವರ ಮುಖದ ವಿಭೂತಿಯ ಮೇಲೆ ಬೆವರು ಇಳಿಯುತ್ತಿತ್ತು. ತುಂಬ ಸಣ್ಣ ಧ್ವನಿಯಲ್ಲಿ, "ಮೊನ್ನೆ ಸೋಮವಾರ," ಅಂದರು. "ಮಠಕ್ಕೆ ಐದು ಕಳಿಸ್ದೆ ಬೋರಮ್ಮ. ಅಭಿಷೇಕ ಆದ್ಮೇಲೆ ತೀರ್ಥ ಕೊಡ್ತಾರೆ. ಪಾಠಶಾಲೆ ಮಕ್ಕಳು ಮೊದಲು ನಿಂತ್ಕೊತಾವೆ."

"ಯಾವ್ ಮರದ್ದು ಅಯ್ನೋರೆ?"

"ನಂಗೇನ್ ಗೊತ್ತು."

ಆ ಮೇಲೆ ಅವರು ಪಂಪ್‌ಮನೆಗೆ ನಡೆದರು. ಮೂಲೆಯ ಬಕೆಟ್ಟನ್ನು ತಾವೇ ಎತ್ತಿ ತಂದರು. ಒಣಗಿ ಕಲ್ಲಾಗಿದ್ದ ಸುಣ್ಣ ಕುಟ್ಟಿ ಬಿಸಾಕಿ, ಹೊಸದು ತರಿಸಿ ಕಲಸಿದರು. ಯಾವ ಮರಕ್ಕೆ ಎಂದು ಇಬ್ಬರೂ ಕೇಳಿಕೊಳ್ಳಲಿಲ್ಲ. ಬಾವಿಸಾಲಿನಿಂದ ಬೋರಮ್ಮ ಶುರು ಮಾಡಿದಳು, ರಸ್ತೆ ಬದಿಯಿಂದ ಅವರು. ಸಂಜೆಯ ಹೊತ್ತಿಗೆ ನೂರಾ ನಲವತ್ತು ಮರಕ್ಕೂ ಪಟ್ಟೆ ಬಿದ್ದಿತ್ತು. ರಸ್ತೆಯಲ್ಲಿ ಹೋಗುವ ಬಸ್ಸಿನವರು ಕತ್ತು ತಿರುಗಿಸಿ ನೋಡಿದರು. ಅಷ್ಟು ಪಟ್ಟೆಗಳನ್ನು ಆ ಸೀಮೆಯಲ್ಲಿ ಯಾರೂ ಒಟ್ಟಿಗೆ ಕಂಡಿರಲಿಲ್ಲ. ಇಡೀ ತೋಟ ಬ್ಯಾಂಡೇಜು ಸುತ್ತಿಕೊಂಡು ನಿಂತ ಹಾಗಿತ್ತು.

ಮುಂದಿನ ಏಳು ಸಂತೆಗಳ ಕಾಲ ಬೋರಮ್ಮ ಹೊಂಗೆ ಮರದಡಿ ಬರಿಗೈಯಲ್ಲಿ ಕೂತಳು. ಬ್ಯಾನರನ್ನು ಮಚ್ಚಿನಿಂದ ಹರಿದು ತೆಗೆದಿದ್ದಳು. ಹಳೆಯ ಗಿರಾಕಿ ಯಾರೇ ಬಂದರೂ ಕರೆದು ಹೇಳಿದಳು: ನಾನು ಕೊಟ್ಟದ್ದರಲ್ಲಿ ವಿಷ ಇದ್ದಿರಬಹುದು, ಡಾಕ್ಟರಿಗೆ ತೋರಿಸಿಕೊಳ್ಳಿ. ಕೆಲವರು ಬೈದರು. ಒಬ್ಬ ಗಂಡಸು, "ಈಗ ಹೇಳ್ತೀಯಾ ಮುಂಡೇದೆ," ಎಂದು ಅವಳ ಮುಂದೆ ಉಗುಳಿದ. ಒಬ್ಬಳು ಬಸುರಿ ಮಾತ್ರ ಪಕ್ಕದಲ್ಲೇ ಕುಸಿದು ಕೂತು, "ಏನಾಗುತ್ತಕ್ಕ?" ಅಂದಳು. "ಗೊತ್ತಿಲ್ಲ ಕಣವ್ವ," ಅಂದಳು ಬೋರಮ್ಮ. ಈ ಕೆಲಸವನ್ನು ಕಂಪನಿ ಮಾಡಬೇಕಿತ್ತು. ಅಕ್ಷರ ಬಾರದ ಹೆಂಗಸು, ದುಡಿಮೆ ಬಿಟ್ಟು, ಬೈಗುಳ ತಿಂದು ಮಾಡಿದಳು.

ಜೂನಿನಲ್ಲಿ ಮೀನಾಕ್ಷಿ ಅದೇ ಆಸ್ಪತ್ರೆಯಲ್ಲಿ ಹೆತ್ತಳು. ಹೆಣ್ಣು ಮಗು. ಅತ್ತಿತು, ಹಾಲು ಕುಡಿಯಿತು. ಬೋರಮ್ಮ ಬೆರಳುಗಳನ್ನು ಎಣಿಸಿದಳು; ಹತ್ತೂ ಇದ್ದವು. ಕಾಲಿನದ್ದೂ ಎಣಿಸಿದಳು. ಎಲ್ಲ ಸರಿ ಇದೆ, ಇನ್ನೇನು ಹೆದರಿಕೆ ಎಂದು ನರ್ಸು ಗದರಿಸಿದಳು. ಆದರೆ ಆ ಕೂಸು ನಿದ್ದೆಯಲ್ಲಿ ಬೆಚ್ಚಿದರೆ, ತುಟಿಯಂಚಿಗೆ ಜೊಲ್ಲು ಇಳಿದರೆ, ಬೋರಮ್ಮ ಕೈಯಲ್ಲಿದ್ದ ಕೆಲಸ ಬಿಟ್ಟು ಓಡಿಬಂದು ಅದರ ಕಣ್ಣಿನ ಪಾಪೆ ನೋಡುತ್ತಿದ್ದಳು. ಮಗು ನಡೆಯಲು ಎರಡು ತಿಂಗಳು ತಡ ಮಾಡಿತು. ತಡ ಮಾಡುವ ಮಕ್ಕಳು ಊರಲ್ಲಿ ಬೇಕಾದಷ್ಟು. ಅವಳಿಗೆ ಅದನ್ನು ನಂಬುವ ಧೈರ್ಯ ಇರಲಿಲ್ಲ. ನಂಬುವ ಧೈರ್ಯವನ್ನೇ ಅವಳಿಂದ ಕಿತ್ತುಕೊಂಡಿದ್ದರು.

ಮರುವರ್ಷ ಪೊಟ್ಟಣ ಬೇರೆ ಹೆಸರಿನಲ್ಲಿ ಬಂತು. ಎಲೆ ಇನ್ನೂ ದೊಡ್ಡದಾಗಿತ್ತು. ಕರುವಿನ ಪಕ್ಕದಲ್ಲಿ ಈ ಸಲ ಒಂದು ಮಗುವೂ ನಗುತ್ತಿತ್ತು. ಏಕಾಂತಯ್ಯನವರ ತೋಟದಲ್ಲಿ ಇವತ್ತಿಗೂ ಏನೇ ಕಟ್ಟಲಿ, ಬೇವೇ ಕಟ್ಟಲಿ, ಹುಚ್ಚಣ್ಣ ಮೊದಲು ಸುಣ್ಣ ಕಲಸುತ್ತಾನೆ.

ನಿಮ್ಮ ಮನೆಯಲ್ಲಿ ಹಸಿರು ಎಲೆಯ ಚಿತ್ರ ಇರುವ ಪೊಟ್ಟಣ, ಬಾಟಲಿ, ಡಬ್ಬಿ ಒಂದಾದರೂ ಇದೆ. ಏಳಿ, ಅದನ್ನು ಕೈಗೆ ತೆಗೆದುಕೊಳ್ಳಿ. ಹಿಂಬದಿ ತಿರುಗಿಸಿ ಬೆಳಕಿಗೆ ಹಿಡಿಯಿರಿ. ಒಳಗೆ ಏನಿದೆ, ಎಷ್ಟಿದೆ ಎಂದು ನಿಮಗೆ ಬರುವ ಭಾಷೆಯಲ್ಲಿ ಬರೆದಿಲ್ಲವಾದರೆ ನಾಳೆಯೇ ಕೊಂಡ ಅಂಗಡಿಗೆ ಹೋಗಿ. ಬಿಳಿ ಹಾಳೆಯ ಮೇಲೆ ಬರೆದು ಸಹಿ ಹಾಕಿ ಕೊಡು ಎಂದು ಕೇಳಿ. ಅವನು ಕಾಫಿ ಕುಡಿದಾಯಿತು ಅಂದರೂ, ಗಡಿಯಾರ ನೋಡಿಕೊಂಡರೂ, ಬರೆದುಕೊಡುವ ತನಕ ಆ ಬಾಗಿಲು ಬಿಟ್ಟು ಕದಲಬೇಡಿ.